ಸಂತ ಅಗಸ್ಟೀನರ ಹಲ್ಲುನೋವು

ಹಲ್ಲುನೋವಿನಿಂದ ನರಳುವ ಕಥೋಲಿಕರು ನೆನೆಯುವುದು ಸಂತ ಅಪೊಲೋನಿಯಾಳನ್ನು. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾ ನಗರದಲ್ಲಿ ಉದ್ರಿಕ್ತ ಜನರು ಆ ವೃದ್ಧ ಕನ್ಯೆಯ ಹಲ್ಲುಗಳನ್ನು ಬಡಿದು ಉದುರಿಸಿದರು. ಫೆಬ್ರವರಿ 9 ಆಕೆಯ ಸ್ಮರಣೆಯ ದಿನ. ಆಕೆಯ ಬಿನ್ನಹವನ್ನು ಬೇಡುವ ನಮ್ಮಲ್ಲಿ ಹಲವರು ದಂತವೈದ್ಯರ ಬಾಗಿಲವರೆಗೆ ಹೋಗಿ ಹಿಂದಿರುಗಿದವರೇ. ನೋವಿನ ಭಯ ಒಂದು. ಹುಳುಕು ಹಲ್ಲನ್ನೂ ವರ್ಷಗಳ ಅಲಕ್ಷ್ಯವನ್ನೂ ಬಾಯಿ ತೆರೆದು ಪರರಿಗೆ ತೋರಿಸಬೇಕಲ್ಲಾ ಎಂಬ ನಾಚಿಕೆ ಇನ್ನೊಂದು. ಓದಿದವರಲ್ಲಿ ಈ ಎರಡನೆಯದೇ ಹೆಚ್ಚೆಂದು ನನ್ನ ಅನಿಸಿಕೆ. ಆದುದರಿಂದ ಇಂದು ಅಪೊಲೋನಿಯಾಳನ್ನು ಬಿಟ್ಟು, ಧರ್ಮಸಭೆಯ ಮಹಾಪಂಡಿತರೊಬ್ಬರ ಹಲ್ಲುನೋವಿನತ್ತ ನೋಡೋಣ.

ಅಗಸ್ಟೀನರು 354ರ ನವೆಂಬರ್ 13ರಂದು ಉತ್ತರ ಆಫ್ರಿಕದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ಅದು ಇಂದಿನ ಆಲ್ಜೀರಿಯಾದ ಸೂಕ್ ಅಹ್ರಾಸ್. ತಾಯಿ ಸಂತ ಮೋನಿಕ, ತಂದೆ ಪತ್ರೀಸಿಯುಸ್. ಅಂದಿನ ಶಾಲೆಗಳಲ್ಲಿ ಪಾಠಕ್ಕಿಂತ ಪೆಟ್ಟೇ ಹೆಚ್ಚು. ಶಾಲೆಯಲ್ಲಿ ಏಟು ಬೀಳದಿರಲೆಂದು ಆ ಬಾಲಕ ದೇವರಲ್ಲಿ ಮೊರೆಯಿಡುತ್ತಿದ್ದನು. ಅವನ ಭಯವನ್ನು ಕಂಡು ಹಿರಿಯರು ನಗುತ್ತಿದ್ದರು. ಹೆತ್ತವರೂ ಆ ನಗುವಿನಲ್ಲಿ ಸೇರಿದ್ದರು. ಮೂರು ದಶಕಗಳು ಕಳೆದು, ಧರ್ಮಾಧ್ಯಕ್ಷರಾಗಿ 'ಕನ್ಫೆಷನ್ಸ್' ಬರೆಯುವಾಗಲೂ ಅವರು ಅದನ್ನು ಮರೆತಿರಲಿಲ್ಲ. ಚಿತ್ರಹಿಂಸೆಯ ಯಂತ್ರಗಳಿಗೆ ವಯಸ್ಕರು ಅಂಜುವಷ್ಟೇ ಮಗುವು ಬೆತ್ತಕ್ಕೆ ಅಂಜುತ್ತದೆಂದು ಅವರು ಅಲ್ಲಿ ವಾದಿಸುತ್ತಾರೆ. ಗಲಾಟೆ ಮಾಡಿದರೆ ಡಾಕ್ಟರರಿಂದ ಸೂಜಿ ಚುಚ್ಚಿಸುತ್ತೇನೆಂದು ಮಕ್ಕಳನ್ನು ಬೆದರಿಸುವ ನಮ್ಮ ಮನೆಗಳ ಹಿರಿಯರು ಈ ಪುಟಗಳನ್ನು ಓದಬೇಕು.

ಕಾರ್ಥೇಜಿನಲ್ಲಿ ವಿದ್ಯಾಭ್ಯಾಸ, ಮನಿಕೇಯ ಪಂಥದ ಸಹವಾಸ, ರೋಮಿನಲ್ಲಿ ಅಧ್ಯಾಪನ, ಇವೆಲ್ಲವೂ ಓದುಗರಿಗೆ ತಿಳಿದ ಕಥೆ. 384ರಲ್ಲಿ ಅವರು ಮಿಲಾನಿನಲ್ಲಿ ವಾಕ್ಚಾತುರ್ಯದ ಅಧಿಕೃತ ಅಧ್ಯಾಪಕರಾದರು. ಚಕ್ರವರ್ತಿಯ ಎದುರು ಪ್ರಶಂಸೆಯ ಭಾಷಣ ಮಾಡುವ ಹುದ್ದೆ ಅದು; ಮಾತೇ ಅವರ ಬಂಡವಾಳ, ಮಾತೇ ಅವರ ಹೆಮ್ಮೆ. ಅಲ್ಲಿ ಸಂತ ಅಂಬ್ರೋಸರ ಪ್ರಬೋಧನೆ ಅವರನ್ನು ಸತ್ಯದ ಹೊಸ್ತಿಲಿಗೆ ತಂದಿತು. ಆದರೂ ಅವರು ನಾಳೆ, ನಾಡಿದ್ದು ಎಂದು ದಿನ ದೂಡಿದರು. ಮುಂದೂಡುವುದೆಂದರೆ ಏನೆಂಬುದನ್ನು ಅವರಷ್ಟು ನಿಷ್ಠುರವಾಗಿ ತಮ್ಮಲ್ಲೇ ಪರೀಕ್ಷಿಸಿಕೊಂಡವರು ವಿರಳ. 386ರ ಬೇಸಗೆಯಲ್ಲಿ, ಮಿಲಾನಿನ ತೋಟವೊಂದರಲ್ಲಿ, ಕಣ್ಣೀರಿನೊಡನೆ ಆ ಮುಂದೂಡಿಕೆ ಮುಗಿಯಿತು.

ಅದೇ ವರ್ಷ ಶರತ್ಕಾಲದಲ್ಲಿ ಅವರು ಹುದ್ದೆಯನ್ನು ತೊರೆದು, ಮಿತ್ರ ವೆರೆಕುಂದುಸರ ಕಾಸಿಸಿಯಾಕುಮ್ ಎಂಬ ಹಳ್ಳಿಮನೆಯಲ್ಲಿ ನೆಲೆಸಿದರು. ತಾಯಿ ಮೋನಿಕ, ಮಗ ಅದೆಯೊದಾತುಸ್, ಆಪ್ತಮಿತ್ರ ಅಲಿಪಿಯುಸ್, ಕೆಲವು ಶಿಷ್ಯರು ಜೊತೆಗಿದ್ದರು. ಮಾನವನ ನಿಜವಾದ ಸುಖ ಯಾವುದೆಂದು ಅಲ್ಲಿ ಚರ್ಚೆಗಳು ನಡೆದವು. ಆ ದಿನಗಳಲ್ಲೇ ಹಲ್ಲುನೋವು ಅವರನ್ನು ಹಿಡಿಯಿತು. ಆಗ ಬರೆದ 'ಸೊಲಿಲೊಕ್ವಿ' ಎಂಬ ಕೃತಿಯಲ್ಲಿ ಅದರ ಪ್ರಸ್ತಾಪವಿದೆ: ತಿಳಿದದ್ದನ್ನು ಮನನ ಮಾಡಲು ಹೇಗೋ ಸಾಧ್ಯವಾಯಿತು, ಹೊಸದನ್ನು ಕಲಿಯಲಾಗಲಿಲ್ಲ. ದೇಹದ ನೋವು ಜ್ಞಾನಿಯನ್ನು ಕದಲಿಸದೆಂದು ಸ್ತೋಯಿಕ್ ತತ್ವಜ್ಞಾನಿಗಳು ಬೋಧಿಸುತ್ತಿದ್ದರು. ಮುಂದೆ 'ದೇವನಗರ' ಗ್ರಂಥದ ಹತ್ತೊಂಬತ್ತನೆಯ ಭಾಗದಲ್ಲಿ ಆ ಬಡಾಯಿಯನ್ನು ಅವರು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ನೋವನ್ನು ನೋವಲ್ಲವೆನ್ನುವುದು ಧೈರ್ಯವೆಂದು ಅವರಿಗೆ ತೋರಲಿಲ್ಲ.

ನೋವು ಏರುತ್ತಾ ಹೋಗಿ ಮಾತೇ ನಿಂತಿತು. ಚಕ್ರವರ್ತಿಯನ್ನು ಹೊಗಳಿದ ಬಾಯಿ ಮನೆಯವರ ಮುಂದೆ ಮುಚ್ಚಿಹೋಯಿತು. ಶಿಷ್ಯರ ಎದುರಿನಲ್ಲಿ ಗುರುವಿಗೆ ಇದು ಸಣ್ಣ ಅವಮಾನವಲ್ಲ. ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಬಹುದಿತ್ತು. ಹಾಗೆ ಮಾಡದೆ, ತಮಗಾಗಿ ಪ್ರಾರ್ಥಿಸಿರೆಂದು ಮೇಣದ ಹಲಗೆಯ ಮೇಲೆ ಬರೆದು, ಓದಲೆಂದು ಅವರ ಕೈಗಿತ್ತರು. ಎಲ್ಲರೂ ಮೊಣಕಾಲೂರಿದೊಡನೆ ನೋವು ಮಾಯವಾಯಿತು. ಈ ಘಟನೆ ತಮ್ಮನ್ನು ಭಯಚಕಿತಗೊಳಿಸಿತೆಂದು ಅವರೇ ದಾಖಲಿಸಿದ್ದಾರೆ. 387ರ ಪಾಸ್ಖ ಜಾಗರಣೆಯ ರಾತ್ರಿ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದರು.

ಹಾಗಾದರೆ ಪ್ರಾರ್ಥನೆಯೇ ಸಾಕು, ವೈದ್ಯರೇಕೆ ಎಂದು ಕೇಳುವವರಿದ್ದಾರೆ. ಅಂದಿನ ವೈದ್ಯರ ಬಳಿ ಇದ್ದುದು ಇಕ್ಕಳ. ನೋವು ಮರೆಸುವ ಚುಚ್ಚುಮದ್ದು ಇರಲಿಲ್ಲ. ಆದರೂ ಅಗಸ್ಟೀನರು ವೈದ್ಯರನ್ನು ಕಡೆಗಣಿಸಿದವರಲ್ಲ. 388ರಲ್ಲಿ ಅವರೂ ಅಲಿಪಿಯುಸರೂ ಆಫ್ರಿಕಕ್ಕೆ ಮರಳಿ, ಕಾರ್ಥೇಜಿನಲ್ಲಿ ಇನ್ನೊಸೆನ್ಷಿಯುಸ್ ಎಂಬ ಮಾಜಿ ವಕೀಲರ ಮನೆಯಲ್ಲಿ ತಂಗಿದರು. ಆತನಿಗೆ ಗುದದ ಭಾಗದಲ್ಲಿ ಭಗಂದರ ರೋಗ. ಒಮ್ಮೆ ಶಸ್ತ್ರಕ್ರಿಯೆಯಾಗಿತ್ತು, ಒಂದು ಹುಣ್ಣು ಒಳಗೆ ಉಳಿದಿತ್ತು. ಮತ್ತೆ ಕತ್ತರಿಸಬೇಕಾದೀತೆಂದು ಹೇಳಿದ ಮನೆಯ ವೈದ್ಯನನ್ನೇ ಆತ ಕೋಪದಿಂದ ಹೊರಗಟ್ಟಿದ್ದನು. ಮುಲಾಮಿನಿಂದ ಗುಣವಾಗುವುದೆಂಬ ಭರವಸೆಯಲ್ಲಿ ದಿನಗಳು ಕಳೆದವು. ಕೊನೆಗೆ ಶಸ್ತ್ರವೈದ್ಯರೂ ಬೇರೆ ದಾರಿಯಿಲ್ಲವೆಂದರು. ಆತ ಬಿಳಿಚಿಕೊಂಡು ಅತ್ತು, ಅವರನ್ನೂ ಕಳುಹಿಸಿಬಿಟ್ಟನು. ಬಳಿಕ ತಾನೇ ಮರಳಿ ಕರೆಸಿದನು. ಹಿಂದಿನ ಸಂಜೆ, ಮರುದಿನ ತನ್ನ ಬಳಿಯಲ್ಲಿರಬೇಕೆಂದು ಧರ್ಮಾಧ್ಯಕ್ಷರನ್ನೂ ಗುರುಗಳನ್ನೂ ಮಿತ್ರರನ್ನೂ ಬೇಡಿಕೊಂಡು, ನೆಲಕ್ಕೆ ಬಿದ್ದು ಮೈಯೆಲ್ಲಾ ನಡುಗುವಂತೆ ಪ್ರಾರ್ಥಿಸಿದನು. ಆ ಗೋಳಾಟವನ್ನು ಕಂಡ ಅಗಸ್ಟೀನರಿಗೆ ತಾವು ಪ್ರಾರ್ಥಿಸಲೂ ಆಗಲಿಲ್ಲ. ಬೆಳಿಗ್ಗೆ ಉಪಕರಣಗಳು ಸಿದ್ಧವಾದವು, ಕಟ್ಟು ಬಿಚ್ಚಿದರು. ಹುಣ್ಣು ಗಟ್ಟಿಯಾಗಿ ಮಾಗಿತ್ತು. ಇದು ಪವಾಡವೆಂದೇ ಅವರು 'ದೇವನಗರ'ದಲ್ಲಿ ಬರೆದಿದ್ದಾರೆ. ನಾನು ಗಮನಿಸುವುದು ಇನ್ನೊಂದನ್ನು: ಅದು ಕಂಡುಬಂದಾಗ ರೋಗಿ ಶಸ್ತ್ರಕ್ಕೆ ಮೈಯೊಡ್ಡಿ ಮಂಚದ ಮೇಲಿದ್ದನು, ವೈದ್ಯರು ಕೋಣೆಯಲ್ಲಿದ್ದರು.

391ರಲ್ಲಿ ಹಿಪ್ಪೋ ನಗರದಲ್ಲಿ ಅಗಸ್ಟೀನರು ಗುರುಗಳಾದರು. ಕೆಲವೇ ವರ್ಷಗಳಲ್ಲಿ ಧರ್ಮಾಧ್ಯಕ್ಷರೂ ಆದರು. 397ರಲ್ಲಿ ಮೂಲವ್ಯಾಧಿಯ ಬಿರುಕು ಬಾವುಗಳಿಂದ ನಿಲ್ಲಲೂ ಕೂರಲೂ ಆಗದೆ ಹಾಸಿಗೆ ಹಿಡಿದರು. ತಮಗೆ ಇರುವ ರೋಗ ಏನು, ಎಲ್ಲಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಧರ್ಮಾಧ್ಯಕ್ಷ ಪ್ರೊಫುತುರುಸರಿಗೆ ಪತ್ರದಲ್ಲಿ ತಿಳಿಸಿ, ಪ್ರಾರ್ಥನೆ ಕೋರಿದರು. ನಮ್ಮಲ್ಲಿ ಎಷ್ಟು ಮಂದಿ ಗುರುಗಳು ಹಾಗೆ ಬರೆದೇವು?

430ರಲ್ಲಿ ವಂಡಾಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಅವರು ಜ್ವರದಿಂದ ಮಲಗಿದರು. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಯಿಸಿ ಗೋಡೆಗೆ ತೂಗಹಾಕಿಸಿಕೊಂಡು, ಅವನ್ನು ಓದುತ್ತಾ ಅಳುತ್ತಿದ್ದರು. ಕೊನೆಯ ಸುಮಾರು ಹತ್ತು ದಿನ ಯಾರೂ ಒಳಗೆ ಬರಬಾರದೆಂದು ಕೇಳಿಕೊಂಡಿದ್ದರೆಂದು ಅವರ ಶಿಷ್ಯ ಪೊಸಿದಿಯುಸರು ಬರೆದಿದ್ದಾರೆ. ಆಗಸ್ಟ್ 28ರಂದು ಪ್ರಾಣ ಬಿಡುವವರೆಗೂ ಆ ಬಾಗಿಲು ತೆರೆಯುತ್ತಿದ್ದುದು ಎರಡೇ ಸಂದರ್ಭಗಳಲ್ಲಿ: ಊಟ ತರುವಾಗ ಮತ್ತು ವೈದ್ಯರು ಬಂದಾಗ.