ಬಜಾರಿನಲ್ಲಿ ತೂಕಕ್ಕೆ ಹೋದ ಹಕ್ಕಿಗಳು

ಪ್ರತಿ ಫೆಬ್ರವರಿಯ ನಾಲ್ಕು ದಿನ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಾಲೇಜು ವಿದ್ಯಾರ್ಥಿಗಳ ಜೊತೆ ನಾನೂ ಬೈನಾಕ್ಯುಲರ್ ಹಿಡಿದು ನಿಲ್ಲುತ್ತೇನೆ. ಕಂಡ ಹಕ್ಕಿಯ ಹೆಸರು, ಸಂಖ್ಯೆ, ಹೊತ್ತು ಎಲ್ಲವನ್ನೂ ಅವರು ನಿಂತಲ್ಲಿಯೇ ಮೊಬೈಲಿಗೆ ತುಂಬುತ್ತಾರೆ. ನಾನು ಹಳೆಯ ಅಭ್ಯಾಸದಂತೆ ಮೊದಲು ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. 2013ರಿಂದ ಭಾರತದಲ್ಲಿಯೂ ನಡೆಯುತ್ತಿರುವ ಈ ಹಕ್ಕಿ ಗಣತಿಗೆ ಪಕ್ಷಿಶಾಸ್ತ್ರದ ಪದವಿ ಬೇಕಿಲ್ಲ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, ಹೀಗೆ ಊರೂರಿನವರಿಂದ ಮಾಹಿತಿ ಸೇರಿಸುವ ಪದ್ಧತಿಯನ್ನು ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆಸಿದವರು ಯಾರೆಂದು ಕೇಳಿದಳು. ಎ.ಒ. ಹ್ಯೂಮ್ ಎಂದೆ. ಕಾಂಗ್ರೆಸ್ ಸ್ಥಾಪಿಸಿದ ಹ್ಯೂಮ್ ಎಂದು ಪಠ್ಯಪುಸ್ತಕದಲ್ಲಿ ಓದಿದ್ದ ಅವಳಿಗೆ ನಂಬಿಕೆ ಬರಲಿಲ್ಲ.

ಅವಳದೇನೂ ತಪ್ಪಿಲ್ಲ. ಅಲನ್ ಆಕ್ಟೇವಿಯನ್ ಹ್ಯೂಮ್ ನಮಗೆ ಒಂದು ವಾಕ್ಯದಲ್ಲಿ ಮುಗಿದುಹೋಗುವ ವ್ಯಕ್ತಿ. 1829ರಲ್ಲಿ, ಬ್ರಿಟನ್ನಿನ ಸುಧಾರಣಾವಾದಿ ಸಂಸದ ಜೋಸೆಫ್ ಹ್ಯೂಮ್ ಅವರ ಮಗನಾಗಿ ಹುಟ್ಟಿದ ಅವರು, 1849ರಲ್ಲಿ ಬಂಗಾಳದ ಸಿವಿಲ್ ಸೇವೆಗೆ ಸೇರಿ ಇಂದಿನ ಉತ್ತರ ಪ್ರದೇಶದ ಇಟಾವಾಕ್ಕೆ ಬಂದರು. ಅಲ್ಲಿ ಶಾಲೆಗಳನ್ನು ತೆರೆದರು. 1857ರ ದಂಗೆಯಲ್ಲಿ ಅವರ ಮೊದಲ ಪಕ್ಷಿಸಂಗ್ರಹ ನಾಶವಾಯಿತು. ಮತ್ತೆ ಮೊದಲಿನಿಂದ ಆರಂಭಿಸಿದರು.

1867ರಿಂದ ಮೂರು ವರ್ಷ ಅವರು ಒಳನಾಡಿನ ಸುಂಕದ ಕಮಿಷನರ್. ಉಪ್ಪಿನ ಕಳ್ಳಸಾಗಣೆ ತಡೆಯಲು ಉತ್ತರ ಭಾರತಕ್ಕೆ ಅಡ್ಡಲಾಗಿ ಬೆಳೆಸಿದ್ದ ಮುಳ್ಳುಬೇಲಿಯ ಉಸ್ತುವಾರಿ ಅವರದಾಗಿತ್ತು. ಉಪ್ಪಿನ ಬೇಲಿ ಕಾದವರು ಕಟ್ಟಿದ ಸಂಸ್ಥೆಯೇ ಮುಂದೆ ಉಪ್ಪಿನ ಸತ್ಯಾಗ್ರಹಕ್ಕೆ ಹೊರಟಿತು ಎಂಬುದು ಚರಿತ್ರೆಯ ಕುಚೋದ್ಯ. ಈ ಅಧಿಕಾರಿಯಾದರೋ ಸುಂಕದ ತಪಾಸಣೆಗೆ ಹೋದಲ್ಲೆಲ್ಲ ಹಕ್ಕಿಗಳನ್ನು ಬರೆದಿಟ್ಟುಕೊಂಡರು.

ಆದರೆ ಒಬ್ಬನೇ ಎಷ್ಟು ಊರು ನೋಡಿಯಾನು? ಹ್ಯೂಮ್ ಅವರ ನಿಜವಾದ ಪ್ರತಿಭೆ ಬಂದೂಕಿನಲ್ಲಲ್ಲ, ಅಂಚೆಯಲ್ಲಿತ್ತು. ಸೈನ್ಯಾಧಿಕಾರಿಗಳು, ಅರಣ್ಯ ಇಲಾಖೆಯವರು, ತೋಟದ ಮಾಲೀಕರಂಥ ಹವ್ಯಾಸಿಗಳಿಗೆ ಪತ್ರ ಬರೆದು ಅವರ ಕಣ್ಣುಗಳನ್ನು ಎರವಲು ಪಡೆದರು. 1872-73ರಲ್ಲಿ ‘ಸ್ಟ್ರೇ ಫೆದರ್ಸ್’, ಅಂದರೆ ಚೆದುರಿದ ಗರಿಗಳು, ಎಂಬ ಪತ್ರಿಕೆ ಆರಂಭಿಸಿ ಆ ಟಿಪ್ಪಣಿಗಳನ್ನು ಪ್ರಕಟಿಸಿದರು. ಮಾದರಿ ಸಂಗ್ರಹಿಸುವುದು ಹೇಗೆಂಬ ಕೈಪಿಡಿಯನ್ನೂ 1874ರಲ್ಲಿ ಹೊರತಂದರು. ನಮ್ಮ ಬೆಳಗಾವಿಯ ಹಕ್ಕಿಗಳ ವಿವರ ಬಟ್ಲರ್ ಎಂಬ ಸೈನ್ಯಾಧಿಕಾರಿಯಿಂದ ಹೋದರೆ, ನೀಲಗಿರಿಯ ಕೋಟಗಿರಿಯಿಂದ ಮಾರ್ಗರೆಟ್ ಕಾಕ್‌ಬರ್ನ್ ಎಂಬ ಮಹಿಳೆ ಬರೆಯುತ್ತಿದ್ದರು. ಗೂಡು ತೋರಿಸಿದ, ಕಾಡು ಸುತ್ತಿಸಿದ ಈ ನೆಲದ ಬೇಟೆಗಾರರ ಹೆಸರು ಮಾತ್ರ ಆ ಪುಟಗಳಲ್ಲಿ ಕಾಣುವುದು ಅಪರೂಪ. ಅದನ್ನು ಓದುವಾಗ ನನಗೆ ಪ್ರತಿ ಸಲವೂ ಕಸಿವಿಸಿಯಾಗುತ್ತದೆ.

ಸರ್ಕಾರದಲ್ಲಿ ಅವರು 1871ರಿಂದ ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯ ಕಾರ್ಯದರ್ಶಿಯಾಗಿದ್ದರು. ಮೇಲಿನವರಿಗೆ ರುಚಿಸದ ಮಾತನ್ನಾಡುವ ಸ್ವಭಾವ. 1879ರಲ್ಲಿ ಹುದ್ದೆ ಹೋಯಿತು. 1882ರಲ್ಲಿ ನಿವೃತ್ತರಾಗಿ ಶಿಮ್ಲಾದ ರಾತ್ನಿ ಕ್ಯಾಸಲ್ ಎಂಬ ಮನೆಯಲ್ಲಿ ನೆಲೆಸಿದ ಅವರಿಗೆ ಭಾರತದ ಹಕ್ಕಿಗಳ ಕುರಿತು ಒಂದು ಮಹಾಗ್ರಂಥ ಬರೆಯುವ ಆಸೆಯಿತ್ತು. ಅದಕ್ಕೆಂದು ವರ್ಷಗಟ್ಟಲೆ ಕೂಡಿಟ್ಟ ಹಸ್ತಪ್ರತಿಗಳು ಮನೆಯಲ್ಲಿದ್ದವು. ಅವರು ಊರಿನಲ್ಲಿಲ್ಲದ ಒಂದು ಚಳಿಗಾಲ, ಸೇವಕನೊಬ್ಬ ಅವುಗಳಲ್ಲಿ ಹೆಚ್ಚಿನದನ್ನು ಶಿಮ್ಲಾ ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ.

ಈ ಸಂಗತಿಯನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಮನೆ ಬದಲಿಸುವ ಗಡಿಬಿಡಿಯಲ್ಲಿ ನನ್ನ ಎರಡು ಟಿಪ್ಪಣಿ ಪುಸ್ತಕಗಳೂ ಹಳೆಯ ಪತ್ರಿಕೆಗಳೊಡನೆ ತಕ್ಕಡಿ ಏರಿದ್ದವು. ಬೂದು ಸಿಪಿಲೆ ಯಾವ ವರ್ಷ ಯಾವ ದಿನ ನಮ್ಮ ಬಡಾವಣೆಗೆ ವಲಸೆ ಬಂತೆಂಬ ಲೆಕ್ಕ ಅದರಲ್ಲಿತ್ತು. ನನ್ನದು ಸಣ್ಣ ನಷ್ಟ. ಹ್ಯೂಮ್ ಅವರದು ಒಂದು ಉಪಖಂಡದ ನಷ್ಟ.

ಅವರು ಹಕ್ಕಿಗಳಿಂದ ದೂರ ಸರಿದರು. ಥಿಯಾಸಫಿಯ ಪ್ರಭಾವದಿಂದ ಅದಾಗಲೇ ಸಸ್ಯಾಹಾರಿಯಾಗಿದ್ದರು, ಕೊಲ್ಲುವುದರಲ್ಲಿ ಮನಸ್ಸಿರಲಿಲ್ಲ. 1885ರಲ್ಲಿ ಸುಮಾರು 82 ಸಾವಿರ ಚರ್ಮ ಹಾಗೂ ಮೊಟ್ಟೆಗಳ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನವಾಗಿ ಕೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆಯಿತು. ಊರೂರಿನವರನ್ನು ಪತ್ರಗಳಿಂದ ಒಂದುಗೂಡಿಸುವ ವಿದ್ಯೆಯನ್ನು ಅವರು ಹಕ್ಕಿಗಳಿಂದಲೇ ಕಲಿತಿದ್ದರೆಂಬುದು ನನ್ನ ಅನುಮಾನ. 1894ರಲ್ಲಿ ಇಂಗ್ಲೆಂಡಿಗೆ ಮರಳಿ ಸಸ್ಯಗಳ ಕಡೆ ಹೊರಳಿದರು. 1910ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಜನಸಾಮಾನ್ಯರಿಗಾಗಿ ಒಂದು ಸಸ್ಯವಿಜ್ಞಾನ ಸಂಸ್ಥೆ ಕಟ್ಟಿದರು. 1912ರಲ್ಲಿ ತೀರಿಕೊಂಡರು.

ಹಸ್ತಪ್ರತಿ ಹೋದರೂ ‘ಸ್ಟ್ರೇ ಫೆದರ್ಸ್’ನಲ್ಲಿ ಅಚ್ಚಾದದ್ದು ಉಳಿಯಿತು. ಮ್ಯೂಸಿಯಮ್ಮಿಗೆ ಹೋದದ್ದೂ ಉಳಿಯಿತು. 1867ರಲ್ಲಿ ಸಟ್ಲೆಜ್ ಕಣಿವೆಯಲ್ಲಿ ಹ್ಯೂಮ್ ಹಿಡಿದಿದ್ದ ದೊಡ್ಡ ಕೊಕ್ಕಿನ ಜೊಂಡು ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಬಹುಕಾಲ ಆ ಒಂದೇ ಮಾದರಿಯಿಂದ ಜಗತ್ತಿಗೆ ಪರಿಚಿತವಾಗಿತ್ತು. ಅದು ಪ್ರತ್ಯೇಕ ಪ್ರಭೇದವೇ ಎಂಬ ಸಂದೇಹವೂ ಇತ್ತು. 2006ರ ಮಾರ್ಚಿನಲ್ಲಿ ಥಾಯ್ಲೆಂಡಿನಲ್ಲಿ ಬಲೆಗೆ ಬಿದ್ದ ಹಕ್ಕಿಯೊಂದರ ಡಿಎನ್‌ಎಯನ್ನು ಹ್ಯೂಮ್ ಅವರ ಮಾದರಿಯೊಡನೆ ಹೋಲಿಸಿದಾಗ ಎರಡೂ ಒಂದೇ ಎಂದು ಸಿದ್ಧವಾಯಿತು. ನಡುವೆ 139 ವರ್ಷ ಕಳೆದಿದ್ದವು.

2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಸುಮಾರು 30 ಸಾವಿರ ಪಕ್ಷಿವೀಕ್ಷಕರ 3 ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅವುಗಳಲ್ಲಿ 178ಕ್ಕೆ ಸಂರಕ್ಷಣೆಯ ತುರ್ತು ಇದೆಯೆಂದಿತು. ಹಳೆಯ ಟಿಪ್ಪಣಿಗಳನ್ನೂ ಈ ಭಂಡಾರಕ್ಕೆ ಸೇರಿಸಬಹುದಂತೆ. ಕಾಂಗ್ರೆಸ್ಸಿನ ಹ್ಯೂಮ್ ಎಂದು ಅಚ್ಚರಿಪಟ್ಟ ಆ ಹುಡುಗಿ ಈಗ ಭಾನುವಾರಗಳಂದು ನಮ್ಮ ಮನೆಗೆ ಬರುತ್ತಾಳೆ. ಉಳಿದಿರುವ ಮೂರು ಪುಸ್ತಕಗಳನ್ನು ನಾನು ಓದಿ ಹೇಳುತ್ತೇನೆ, ಅವಳು ಟೈಪ್ ಮಾಡುತ್ತಾಳೆ. ನನ್ನ ಕೈಬರಹ ನನಗೇ ತಿಳಿಯದ ಕಡೆ ಇಬ್ಬರೂ ಜಗಳವಾಡುತ್ತೇವೆ. ಮೊದಲ ಪುಸ್ತಕ ಅರ್ಧ ಮುಗಿದಿದೆ. 1994ರ ಸೆಪ್ಟೆಂಬರಿಗೆ ಬಂದಿದ್ದೇವೆ.