ರಬ್ಬರ್ ಬೂಟಿನ ಹಿಂದಿನ ಚಾರ್ಲ್ಸ್ ಗುಡ್‌ಇಯರ್: ನಿಜವೆಷ್ಟು, ಕಟ್ಟುಕಥೆಯೆಷ್ಟು?

ಗಂಬೂಟು ಹಾಕಿಕೊಂಡರೆ ಮೊಣಕಾಲುದ್ದದ ಕೆಸರಿಗೂ ಇಳಿಯಬಹುದು. ಕಾಲು ಒದ್ದೆಯಾಗುವುದಿಲ್ಲ, ಬಿಸಿಲಿಗೆ ಬೂಟು ಕರಗುವುದಿಲ್ಲ, ಚಳಿಗೆ ಒಡೆಯುವುದೂ ಇಲ್ಲ. ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಬೂಟು ಕೊಂಡವರಿಗೆ ಈ ಮೂರರಲ್ಲಿ ಮೊದಲನೆಯದು ಮಾತ್ರ ಸಿಗುತ್ತಿತ್ತು, ಅದೂ ಹವೆ ಹಿತವಾಗಿದ್ದಾಗ ಮಾತ್ರ.

ಉಳಿದ ಎರಡನ್ನು ದೊರಕಿಸಿಕೊಟ್ಟವನು ಚಾರ್ಲ್ಸ್ ಗುಡ್‌ಇಯರ್. ಆತನ ಹೆಸರು ಕೇಳದವರು ಕಡಿಮೆ, ಆದರೆ ಆತನ ಬಗ್ಗೆ ಚಾಲ್ತಿಯಲ್ಲಿರುವ ಮಾತುಗಳಲ್ಲಿ ತಪ್ಪುಗಳೇ ಹೆಚ್ಚು. ಈ ಬರಹದಲ್ಲಿ ನಾವು ಆತನ ಬದುಕನ್ನೂ ಅದಕ್ಕೆ ಅಂಟಿಕೊಂಡ ಕಟ್ಟುಕಥೆಗಳನ್ನೂ ಬೇರೆ ಬೇರೆ ಮಾಡಿ ನೋಡೋಣ.

ಬೇಸಿಗೆಯಲ್ಲಿ ಅಂಟು, ಚಳಿಗಾಲದಲ್ಲಿ ಕಟ್ಟಿಗೆ

ರಬ್ಬರ್ ಮರದ ಹಾಲಿನಿಂದ ನೀರು ತಡೆಯುವ ವಿದ್ಯೆ ಗುಡ್‌ಇಯರ್‌ಗಿಂತ ಬಹಳ ಹಳೆಯದು. ಮಧ್ಯ ಅಮೆರಿಕದ ಜನ 3,000ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ರಬ್ಬರ್ ಚೆಂಡು ಮಾಡುತ್ತಿದ್ದರು. ಅಮೆಜಾನ್ ಪ್ರದೇಶದವರು ಅಚ್ಚಿನ ಮೇಲೆ ಹಾಲನ್ನು ಪದರ ಪದರವಾಗಿ ಬಳಿದು, ಹೊಗೆಗೆ ಹಿಡಿದು ಬೂಟು ಮಾಡುತ್ತಿದ್ದರು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ನಾಫ್ತಾದಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಮಳೆಯಂಗಿಯ ಬಟ್ಟೆಗೆ ಪೇಟೆಂಟ್ ಪಡೆದ.

ತೊಂದರೆ ಇದ್ದದ್ದು ರಬ್ಬರಿನಲ್ಲೇ. ಅದರ ಅಣುಗಳು ಉದ್ದನೆಯ ಸರಪಳಿಗಳು. ಬೇಯಿಸಿದ ಶಾವಿಗೆಯ ಎಳೆಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆಯೇ ಹೊರತು ಒಂದಕ್ಕೊಂದು ಕಟ್ಟಿಕೊಂಡಿರುವುದಿಲ್ಲ. ಬಿಸಿ ತಾಗಿದರೆ ಎಳೆಗಳು ಜಾರಿ ರಬ್ಬರ್ ಅಂಟಂಟಾಗುತ್ತದೆ. ಚಳಿಗೆ ಎಳೆಗಳು ಮರಗಟ್ಟಿ ಕಟ್ಟಿಗೆಯಂತಾಗುತ್ತದೆ. ಅಮೆರಿಕದ ರಾಕ್ಸ್‌ಬರಿ ಇಂಡಿಯಾ ರಬ್ಬರ್ ಕಂಪನಿ ಮಾರಿದ ಸರಕು ಸೆಕೆಗೆ ಕರಗಿ, ನಾರುತ್ತಾ ಅಂಗಡಿಗೆ ವಾಪಸ್ ಬರತೊಡಗಿತು.

ಕಬ್ಬಿಣದ ಅಂಗಡಿಯಿಂದ ಸಾಲದ ಜೈಲಿಗೆ

ಗುಡ್‌ಇಯರ್ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆ ಗುಂಡಿ ಮತ್ತು ಬೇಸಾಯದ ಸಲಕರಣೆಗಳನ್ನು ಮಾಡಿಸಿ ಮಾರುತ್ತಿದ್ದರು. ಮಗ ಫಿಲಡೆಲ್ಫಿಯಾದಲ್ಲಿ ಹಾರ್ಡ್‌ವೇರ್ ಅಂಗಡಿ ತೆರೆದ. 1830ರ ಹೊತ್ತಿಗೆ ವ್ಯಾಪಾರ ಮುಳುಗಿತು, ಸಾಲ ಉಳಿಯಿತು. ಸಾಲ ತೀರಿಸದವರನ್ನು ಆಗ ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಅಲ್ಲಿಗೆ ಹೋದದ್ದು ಒಂದೇ ಸಲವಲ್ಲ.

1834ರಲ್ಲಿ ಆತ ನ್ಯೂಯಾರ್ಕಿನಲ್ಲಿ ರಾಕ್ಸ್‌ಬರಿ ಕಂಪನಿಯ ಅಂಗಡಿಯಿಂದ ಗಾಳಿ ತುಂಬುವ ಜೀವರಕ್ಷಕ ಸಾಧನವೊಂದನ್ನು ಕೊಂಡ. ಅದರ ವಾಲ್ವ್ ಚೆನ್ನಾಗಿಲ್ಲವೆಂದು ತಾನೇ ಇನ್ನೊಂದು ಮಾಡಿ ತಂದು ತೋರಿಸಿದ. ವಾಲ್ವ್ ಸರಿಮಾಡಿ ಉಪಯೋಗವಿಲ್ಲ, ಸರಿಯಾಗಬೇಕಾದದ್ದು ರಬ್ಬರ್ ಎಂಬ ಉತ್ತರ ಬಂತು. ಆತನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಕೈಯಲ್ಲಿ ಹಣವೂ ಇರಲಿಲ್ಲ. ಆದರೂ ಮುಂದಿನ ಐದು ವರ್ಷ ಬೇರೇನೂ ಮಾಡಲಿಲ್ಲ. ಮೊದಲ ಪ್ರಯೋಗಗಳು ನಡೆದದ್ದು ಜೈಲಿನಲ್ಲೇ. ಹೆಂಡತಿ ಕ್ಲಾರಿಸ್ಸಾಳ ಲಟ್ಟಣಿಗೆಯಿಂದ ರಬ್ಬರ್ ಲಟ್ಟಿಸುತ್ತಿದ್ದ.

ಮೊದಲು ಅಂಟು ಹೀರಲೆಂದು ಮೆಗ್ನೀಷಿಯಾ ಪುಡಿ ಬೆರೆಸಿದ. ಹೆಂಡತಿ ಮಕ್ಕಳೆಲ್ಲ ಸೇರಿ ಅಡುಗೆಮನೆಯಲ್ಲೇ ನೂರಾರು ಜೊತೆ ಬೂಟು ಮಾಡಿದರು. ಬೇಸಿಗೆ ಬಂದಾಗ ಅವು ಮುದ್ದೆಯಾದವು. ಆಮೇಲೆ ಸುಣ್ಣದ ಸರದಿ, ಆಮೇಲೆ ನೈಟ್ರಿಕ್ ಆಮ್ಲದ ಸರದಿ. ಆಮ್ಲದ ಹೊಗೆಯಿಂದ ಒಮ್ಮೆ ಜೀವಕ್ಕೇ ಅಪಾಯ ಬಂದಿತ್ತು. ಆಮ್ಲ ತಾಗಿದ ರಬ್ಬರಿನ ಮೇಲ್ಮೈ ಒಣಗಿ ನಯವಾದದ್ದನ್ನು ಕಂಡು ಒಬ್ಬರು ಬಂಡವಾಳ ಹಾಕಿದರು. 1837ರ ಆರ್ಥಿಕ ಕುಸಿತ ಅದನ್ನೂ ನುಂಗಿತು. ಸರ್ಕಾರದಿಂದ 150 ಅಂಚೆ ಚೀಲಗಳ ಆರ್ಡರ್ ಸಿಕ್ಕಿತು. ಚೀಲಗಳು ತಯಾರಾಗಿ, ನೇತುಹಾಕಿದಲ್ಲೇ ಸೆಕೆಗೆ ಇಳಿಬಿದ್ದವು. ಆಮ್ಲದ ಕೆಲಸ ಮೇಲ್ಮೈಗಷ್ಟೇ ಸೀಮಿತವಾಗಿತ್ತು. ಒಳಗಿನ ಎಳೆಗಳು ಮೊದಲಿನಂತೆಯೇ ಜಾರುತ್ತಿದ್ದವು.

ಈ ಹಟದ ಬೆಲೆ ಕಟ್ಟಿದ್ದು ಮನೆಯವರು. ಮನೆಯ ಪಾತ್ರೆ ಪಗಡೆಗಳು, ಮಕ್ಕಳ ಶಾಲೆಯ ಪುಸ್ತಕಗಳು ಕೂಡ ಮಾರಾಟವಾದವು. ದಂಪತಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಆರು ಮಂದಿ ಎಳವೆಯಲ್ಲೇ ತೀರಿಕೊಂಡರು. ಛಲದ ಕಥೆಯೆಂದು ಇದನ್ನು ಹೇಳುವವರು ಈ ಲೆಕ್ಕವನ್ನು ಬಿಟ್ಟುಬಿಡುವುದುಂಟು.

ಒಲೆಯ ಮೇಲೆ ಬಿದ್ದ ರಬ್ಬರ್: ಆಕಸ್ಮಿಕವೇ?

ಎಲ್ಲೆಡೆ ಹೇಳುವ ಕಥೆ ಇದು: 1839ರ ಚಳಿಗಾಲದಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್ ಊರಿನಲ್ಲಿ ಗಂಧಕ ಬೆರೆಸಿದ ರಬ್ಬರ್ ತುಂಡೊಂದು ಗುಡ್‌ಇಯರ್‌ನ ಕೈಜಾರಿ ಬಿಸಿ ಒಲೆಯ ಮೇಲೆ ಬಿತ್ತು, ಕರಗುವ ಬದಲು ಗಟ್ಟಿಯಾಯಿತು, ಆವಿಷ್ಕಾರ ಆಗಿಹೋಯಿತು.

ಇದರಲ್ಲಿ ಅರ್ಧ ಮಾತ್ರ ನಿಜ. ಗಂಧಕ ಆಕಸ್ಮಿಕವಾಗಿ ಬಂದದ್ದಲ್ಲ. ನಥಾನಿಯಲ್ ಹೇವರ್ಡ್ ಎಂಬಾತ ಗಂಧಕ ಬಳಿದು ರಬ್ಬರಿನ ಅಂಟು ಕಡಿಮೆ ಮಾಡುವ ದಾರಿ ಕಂಡಿದ್ದ. ಅದರ ಹಕ್ಕನ್ನು ಗುಡ್‌ಇಯರ್ ಕೊಂಡಿದ್ದ. ಒಲೆಗೆ ತಾಗಿದ ತುಂಡು ಚರ್ಮದಂತೆ ಸುಟ್ಟಿತು. ಸುಟ್ಟ ಭಾಗದ ಅಂಚಿನಲ್ಲಿ ಮಾತ್ರ ಅಂಟಿಲ್ಲದ, ಎಳೆದರೆ ಹಿಗ್ಗುವ ಪಟ್ಟಿಯೊಂದು ಉಳಿದಿತ್ತು. ನೋಡಿದವರಿಗೆ ಅದು ಬರೀ ಸುಟ್ಟ ರಬ್ಬರ್. ಐದು ವರ್ಷ ಅದನ್ನೇ ಹುಡುಕುತ್ತಿದ್ದವನಿಗೆ ಅರ್ಥ ಹೊಳೆಯಿತು. ತುಂಡನ್ನು ಹೊರಗಿನ ಕೊರೆಯುವ ಚಳಿಯಲ್ಲಿಟ್ಟು ನೋಡಿದ. ಅದು ಮೆತ್ತಗೇ ಉಳಿಯಿತು. ತನ್ನ ಕೆಲಸವನ್ನು ಬರೀ ಆಕಸ್ಮಿಕ ಎನ್ನುವುದನ್ನು ಗುಡ್‌ಇಯರ್ ಮುಂದೆ ತನ್ನದೇ ಪುಸ್ತಕದಲ್ಲಿ ಒಪ್ಪಲಿಲ್ಲ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದು ಗೊತ್ತಾಗಬೇಕಿತ್ತು. ಕಡಿಮೆಯಾದರೆ ಅಂಟು, ಹೆಚ್ಚಾದರೆ ಇದ್ದಿಲು. ಒತ್ತಡದ ಹಬೆಯಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಬೇಯಿಸಿದರೆ ಸರಿಬರುತ್ತದೆ ಎಂಬುದನ್ನು ಕಂಡುಕೊಂಡು, 1844ರ ಜೂನ್ 15ರಂದು ಅಮೆರಿಕದ ಪೇಟೆಂಟ್ ಪಡೆಯುವಷ್ಟರಲ್ಲಿ ಇನ್ನೂ ಐದು ವರ್ಷ ಕಳೆದಿತ್ತು.

ಅದು ಏಕೆ ಕೆಲಸ ಮಾಡುತ್ತದೆ ಎಂಬುದು ಗುಡ್‌ಇಯರ್‌ಗೆ ತಿಳಿದಿರಲಿಲ್ಲ, ನಮಗೆ ತಿಳಿದಿದೆ. ಬಿಸಿಯಲ್ಲಿ ಗಂಧಕದ ಪರಮಾಣುಗಳು ಪಕ್ಕಪಕ್ಕದ ಸರಪಳಿಗಳ ನಡುವೆ ಸೇತುವೆ ಕಟ್ಟುತ್ತವೆ. ಬಿಡಿ ಶಾವಿಗೆ ಬಲೆಯಾಗುತ್ತದೆ. ಬಲೆಯನ್ನು ಎಳೆಯಬಹುದು, ಬಿಟ್ಟರೆ ಮೊದಲಿನಂತಾಗುತ್ತದೆ. ಆದರೆ ಎಳೆಗಳು ಜಾರಿ ಬೇರೆಯಾಗಲಾರವು. ಈ ಕ್ರಿಯೆಗೆ ವಲ್ಕನೀಕರಣ ಎನ್ನುತ್ತಾರೆ.

ಗೆದ್ದರೂ ಉಳಿಯದ ಹಣ

ಪೇಟೆಂಟ್ ತಡವಾದದ್ದಕ್ಕೆ ಬೆಲೆ ತೆರಬೇಕಾಯಿತು. ಆತನ ರಬ್ಬರಿನ ಮಾದರಿಗಳು ಅಷ್ಟರಲ್ಲಿ ಇಂಗ್ಲೆಂಡ್ ತಲುಪಿದ್ದವು. ಅವನ್ನು ಕಂಡ ಥಾಮಸ್ ಹ್ಯಾನ್‌ಕಾಕ್ ತಾನೇ ಪ್ರಯೋಗ ಮಾಡಿ, ಗುಡ್‌ಇಯರ್‌ಗಿಂತ ಕೆಲವೇ ವಾರ ಮೊದಲು, 1843ರ ನವೆಂಬರ್‌ನಲ್ಲಿ, ಅಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಅಮೆರಿಕದಲ್ಲಿ 1852ರಲ್ಲಿ ನಡೆದ ದೊಡ್ಡ ಮೊಕದ್ದಮೆಯಲ್ಲಿ ಗುಡ್‌ಇಯರ್ ಪರ ವಾದಿಸಿದ್ದು ಹೆಸರಾಂತ ವಕೀಲ ಡೇನಿಯಲ್ ವೆಬ್‌ಸ್ಟರ್. ಗೆಲುವು ಸಿಕ್ಕಿತು, ವಕೀಲರ ಫೀಸು 15,000 ಡಾಲರ್ ಆಯಿತು. ಬಂದ ಹಣವೆಲ್ಲ ಪ್ರಯೋಗಗಳಿಗೂ ಲಂಡನ್, ಪ್ಯಾರಿಸ್ ವಸ್ತುಪ್ರದರ್ಶನಗಳ ಮಳಿಗೆಗಳಿಗೂ ಹೋಯಿತು. 1855ರಲ್ಲಿ ಪ್ಯಾರಿಸ್ಸಿನಲ್ಲಿ ಸಾಲಕ್ಕಾಗಿ ಮತ್ತೆ ಜೈಲು ಸೇರಿದ. ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವ ಆತನ ಕೈಸೇರಿದ್ದು ಅಲ್ಲೇ.

1860ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಮಗಳನ್ನು ನೋಡಲು ಹೊರಟ. ನ್ಯೂಯಾರ್ಕ್ ತಲುಪಿದಾಗ ಮಗಳು ಇಲ್ಲವೆಂಬ ಸುದ್ದಿ ಕಾದಿತ್ತು. ಜುಲೈ 1ರಂದು ಆತನೂ ತೀರಿಕೊಂಡ. ಬಿಟ್ಟುಹೋದ ಸಾಲ ಸುಮಾರು 2 ಲಕ್ಷ ಡಾಲರ್.

ಇನ್ನೆರಡು ತಪ್ಪು ತಿಳಿವಳಿಕೆಗಳು

ಗುಡ್‌ಇಯರ್ ಟೈರ್ ಕಂಪನಿ ಆತನದಲ್ಲ. ಆತ ಸತ್ತು 38 ವರ್ಷಗಳ ನಂತರ, 1898ರಲ್ಲಿ, ಫ್ರಾಂಕ್ ಸೈಬರ್ಲಿಂಗ್ ಅದನ್ನು ಆರಂಭಿಸಿ ಗೌರವಕ್ಕಾಗಿ ಆ ಹೆಸರಿಟ್ಟ. ಕುಟುಂಬಕ್ಕೂ ಕಂಪನಿಗೂ ಸಂಬಂಧವಿರಲಿಲ್ಲ.

ಬೆಲೆಬಾಳುವ ಚರ್ಮದ ಬೂಟುಗಳ ಮೇಲೆ ಕಾಣುವ ಗುಡ್‌ಇಯರ್ ವೆಲ್ಟ್ ಎಂಬುದೂ ರಬ್ಬರಿಗೆ ಸಂಬಂಧಿಸಿದ್ದಲ್ಲ. ಅದು ಅಟ್ಟೆಯನ್ನು ಚರ್ಮದ ಪಟ್ಟಿಯೊಂದರ ಮೂಲಕ ಹೊಲಿಯುವ ವಿಧಾನ. ಆ ಹೊಲಿಗೆ ಯಂತ್ರಕ್ಕೆ ಹೆಸರು ಬಂದದ್ದು ಆತನ ಮಗ, ಕಿರಿಯ ಚಾರ್ಲ್ಸ್ ಗುಡ್‌ಇಯರ್‌ನಿಂದ. ಹೊಲಿಗೆ ಗಟ್ಟಿ ಎಂಬುದಷ್ಟೇ ಅದರರ್ಥ. ಇಡೀ ಬೂಟಿಗೆ ನೀರು ನುಗ್ಗುವುದಿಲ್ಲ ಎಂದಲ್ಲ.

ಬೇಟೆಗಾರರ ಬೂಟು, ನಮ್ಮ ಗಂಬೂಟು

ಗುಡ್‌ಇಯರ್‌ನ ಪೇಟೆಂಟ್ ಹಕ್ಕು ಪಡೆದ ಹೈರಮ್ ಹಚಿನ್ಸನ್ 1853ರಲ್ಲಿ ಫ್ರಾನ್ಸಿನಲ್ಲಿ ಬೂಟಿನ ಕಾರ್ಖಾನೆ ತೆರೆದ. ಮರದ ಪಾದರಕ್ಷೆ ಹಾಕುತ್ತಿದ್ದ ರೈತರ ಕಾಲಿಗೆ ರಬ್ಬರ್ ಬಂತು. 1912ರಲ್ಲಿ ಅಮೆರಿಕದ ಮೇನ್ ರಾಜ್ಯದ ಎಲ್. ಎಲ್. ಬೀನ್ ಜೌಗಿನಲ್ಲಿ ಬೇಟೆಯಾಡುವವರಿಗಾಗಿ ಕೆಳಗೆ ರಬ್ಬರ್, ಮೇಲೆ ಚರ್ಮ ಇರುವ ಬೂಟು ಮಾಡಿದ. ಮೊದಲ 100 ಜೊತೆಗಳಲ್ಲಿ 90 ವಾಪಸ್ ಬಂದವು. ಕೆಟ್ಟದ್ದು ರಬ್ಬರ್ ಅಲ್ಲ, ಅದು ಚರ್ಮಕ್ಕೆ ಸೇರುವ ಹೊಲಿಗೆ.

ಆ ಜೋಡಣೆಯ ಹಿಂದಿನ ಕಾರಣ ಇಂದಿಗೂ ನಿಜ. ರಬ್ಬರ್ ಹೊರಗಿನ ನೀರನ್ನು ತಡೆಯುವಂತೆಯೇ ಒಳಗಿನ ಬೆವರನ್ನೂ ಹೊರಬಿಡುವುದಿಲ್ಲ. ದಿನವಿಡೀ ಗಂಬೂಟು ಹಾಕಿದರೆ ತೂತಿಲ್ಲದಿದ್ದರೂ ಕಾಲು ಒದ್ದೆಯಾಗುತ್ತದೆ. ಚರ್ಮದಲ್ಲಿ ಗಾಳಿಯಾಡುತ್ತದೆ, ಆದರೆ ಅದರ ನಾರಿನ ಸಂದುಗಳಿಂದ, ಹೊಲಿಗೆಯ ತೂತುಗಳಿಂದ ನೀರೂ ನುಗ್ಗುತ್ತದೆ. ಮೇಣ ಹಚ್ಚಿದರೆ ತಡೆ ಸಿಗುತ್ತದೆ, ಶಾಶ್ವತವಾಗಿ ಅಲ್ಲ. ಸವೆದಂತೆ ಮತ್ತೆ ಹಚ್ಚಬೇಕು.

ಗಂಬೂಟು ಬಾಳಿಕೆ ಬರಬೇಕೆಂದರೆ ನೆರಳಲ್ಲಿ ಒಣಗಿಸಿ. ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರಿನ ಸರಪಳಿಗಳನ್ನೇ ಕತ್ತರಿಸಿ ಬಿರುಕು ಬಿಡಿಸುತ್ತವೆ. ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ಕೂಡಲೇ ತೊಳೆಯಿರಿ, ಅವು ರಬ್ಬರನ್ನು ಉಬ್ಬಿಸುತ್ತವೆ. ಕೆಲಸ ಮುಗಿದ ಮೇಲೆ ಕಾಲ್ಚೀಲ ಬದಲಿಸಿ, ಬೆರಳ ಸಂದು ಒರೆಸಿಕೊಳ್ಳಿ. ಬೆರಳ ಸಂದು ಒದ್ದೆಯಾಗಿಯೇ ಉಳಿದರೆ ಶಿಲೀಂಧ್ರದ ಸೋಂಕು ಬೇಗ ಹಿಡಿಯುತ್ತದೆ.