ಕಳೆನಾಶಕಕ್ಕೆ ಕಡಿವಾಣ ಬೇಡಿದ ರೇಚಲ್ ಕಾರ್ಸನ್

ರೇಚಲ್ ಕಾರ್ಸನ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಬಹುಮಂದಿಗೆ ಡಿ.ಡಿ.ಟಿ. ನೆನಪಾಗುತ್ತದೆ. ಹಕ್ಕಿಗಳ ದನಿಯಿಲ್ಲದ ವಸಂತವೊಂದನ್ನು ಚಿತ್ರಿಸಿ ಅಮೆರಿಕವನ್ನು ಎಚ್ಚರಿಸಿದ ಲೇಖಕಿ ಅವರು ಎಂಬುದು ಲೋಕವಿದಿತ. ಆದರೆ ಅವರ ‘ಸೈಲೆಂಟ್ ಸ್ಪ್ರಿಂಗ್’ ಗ್ರಂಥದಲ್ಲಿ ಕೀಟಗಳನ್ನು ಬದಿಗಿರಿಸಿ ಕಳೆನಾಶಕಗಳಿಗೇ ಮೀಸಲಾದ ಅಧ್ಯಾಯವೊಂದಿದೆ. ಅದರ ಕುರಿತು ಮಾತು ಕಡಿಮೆ. ಕಳೆ ಕೀಳುವ ಆಳುಗಳು ಸಿಗದೆ ನಮ್ಮ ರೈತರೂ ಬೆನ್ನಿಗೆ ಸ್ಪ್ರೇ ಪಂಪು ಕಟ್ಟಿಕೊಂಡಿರುವ ಈ ಕಾಲದಲ್ಲಿ ಕಾರ್ಸನ್ನರ ಬದುಕನ್ನು ಆ ಅಧ್ಯಾಯದ ಕಡೆಯಿಂದ ನೋಡುವುದು ಉಚಿತವೆಂದು ತೋರುತ್ತದೆ.

1907ರ ಮೇ 27ರಂದು ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ಎಂಬ ಸಣ್ಣ ಊರಿನಲ್ಲಿ ರೇಚಲ್ ಜನಿಸಿದರು. ತಾಯಿ ಮರಿಯಾ ಮಗಳನ್ನು ಹೊಲ, ತೋಪು, ಹಕ್ಕಿಗಳ ನಡುವೆ ಬೆಳೆಸಿದರು. ಹನ್ನೊಂದನೆಯ ವಯಸ್ಸಿಗೇ ಮಕ್ಕಳ ಪತ್ರಿಕೆಯೊಂದರಲ್ಲಿ ಕತೆ ಪ್ರಕಟವಾಯಿತು. ಕಾಲೇಜಿಗೆ ಸೇರಿದ್ದು ಇಂಗ್ಲಿಷ್ ಸಾಹಿತ್ಯಕ್ಕೆಂದು; ಅಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಅಧ್ಯಾಪಕಿಯ ಪಾಠ ಕೇಳಿ ಜೀವಶಾಸ್ತ್ರದತ್ತ ತಿರುಗಿದರು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿ ದೊರೆಯಿತು. ಮುಂದಿನ ಓದಿಗೆ ಮನೆಯ ಸ್ಥಿತಿ ಅವಕಾಶ ಕೊಡಲಿಲ್ಲ. 1935ರಲ್ಲಿ ತಂದೆ, 1937ರಲ್ಲಿ ಅಕ್ಕ ತೀರಿಕೊಂಡರು. ಮುದಿ ತಾಯಿ ಮತ್ತು ಅಕ್ಕನ ಇಬ್ಬರು ಹೆಣ್ಣುಮಕ್ಕಳ ಭಾರ ಅವಿವಾಹಿತೆ ರೇಚಲ್ ಅವರ ಹೆಗಲೇರಿತು. 1936ರಲ್ಲಿ ಮೀನುಗಾರಿಕೆ ಇಲಾಖೆಯಲ್ಲಿ ಕಾಯಂ ನೌಕರಿ ಸಿಕ್ಕಿತ್ತು. ಹಗಲು ಸರಕಾರಿ ಕಡತ, ರಾತ್ರಿ ಸ್ವಂತ ಬರವಣಿಗೆ. ನೌಕರಿಯ ನಡುವೆ ಬರೆಯುವವರ ಪಾಡು ಬಲ್ಲವರೇ ಬಲ್ಲರು.

1951ರಲ್ಲಿ ಹೊರಬಂದ ‘ದಿ ಸೀ ಅರೌಂಡ್ ಅಸ್’ ಎಂಬ ಕಡಲಿನ ಕಥನ ಅವರ ಹಣೆಬರಹವನ್ನೇ ಬದಲಿಸಿತು. ಮರುವರ್ಷ ಅದಕ್ಕೆ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಲಭಿಸಿತು. ಕಾರ್ಸನ್ ನೌಕರಿ ಬಿಟ್ಟರು; ಮೇಯ್ನ್ ಸಂಸ್ಥಾನದ ಕಡಲತೀರದಲ್ಲಿ ಬೇಸಿಗೆಗೊಂದು ಪುಟ್ಟ ಮನೆ ಕಟ್ಟಿಕೊಂಡರು. ಕಡಲಿನ ಕುರಿತೇ ಬರೆಯುತ್ತ ನೆಮ್ಮದಿಯಿಂದ ಇರಬಹುದಿತ್ತು.

1958ರ ಜನವರಿಯಲ್ಲಿ ಓಲ್ಗಾ ಹಕಿನ್ಸ್ ಎಂಬ ಪರಿಚಿತ ಮಹಿಳೆ ಬಾಸ್ಟನ್ನಿನ ಪತ್ರಿಕೆಗೆ ಬರೆದ ಪತ್ರವೊಂದು ಕಾರ್ಸನ್ನರ ಕೈಸೇರಿತು. ಸೊಳ್ಳೆ ಕೊಲ್ಲಲೆಂದು ವಿಮಾನದಿಂದ ಸುರಿದ ವಿಷ ಆಕೆಯ ತೋಟದ ಹಕ್ಕಿಗಳನ್ನೂ ಕೊಂದಿತ್ತು. ಮನೆಯ ಒಡತಿಯನ್ನು ಯಾರೂ ಕೇಳಿರಲಿಲ್ಲ. ಕಾರ್ಸನ್ ಸಾಕ್ಷ್ಯ ಸಂಗ್ರಹಕ್ಕೆ ತೊಡಗಿದರು. ಅದೇ ವರ್ಷದ ಕೊನೆಗೆ ತಾಯಿ ತೀರಿಕೊಂಡರು. ಅದಕ್ಕೂ ಮುನ್ನ, 1957ರಲ್ಲಿ, ಸಾಕಿದ ಅಕ್ಕನ ಮಗಳೊಬ್ಬಳು ಗತಿಸಿ, ಅವಳ ಐದು ವರ್ಷದ ಮಗ ರೋಜರ್‌ನನ್ನು ಕಾರ್ಸನ್ ದತ್ತು ಪಡೆದಿದ್ದರು.

ಕಳೆನಾಶಕದ ಪ್ರಶ್ನೆ ಇಡೀ ದೇಶದ ಊಟದ ಮೇಜಿಗೆ ಬಂದದ್ದು 1959ರ ನವೆಂಬರ್ 9ರಂದು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಅಮೆರಿಕನ್ನರಿಗೆ ಕ್ರ್ಯಾನ್‌ಬೆರಿ ಹಣ್ಣಿನ ಗೊಜ್ಜು ಬೇಕೇ ಬೇಕು. ಯುಗಾದಿಗೆ ನಮಗೆ ಬೇವುಬೆಲ್ಲ ಇದ್ದಂತೆ. ಹಬ್ಬ ಇನ್ನೇನು ಬಂತು ಎನ್ನುವಾಗ ಆರೋಗ್ಯ ಖಾತೆಯ ಕಾರ್ಯದರ್ಶಿ ಆರ್ಥರ್ ಫ್ಲೆಮಿಂಗ್, ವಾಷಿಂಗ್ಟನ್ ಮತ್ತು ಒರೆಗಾನ್ ಸಂಸ್ಥಾನಗಳ ಕೆಲವು ಹಣ್ಣುಗಳಲ್ಲಿ ಅಮೈನೊಟ್ರಯಾಜೋಲ್ ಎಂಬ ಕಳೆನಾಶಕದ ಶೇಷವಿದೆಯೆಂದು ಪ್ರಕಟಿಸಿದರು. ಆ ರಾಸಾಯನಿಕ ಇಲಿಗಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಉಂಟುಮಾಡುವುದು ಪ್ರಯೋಗದಿಂದ ತಿಳಿದಿತ್ತು. ಅದನ್ನು ಸುಗ್ಗಿ ಮುಗಿದ ಬಳಿಕವೇ ಸಿಂಪಡಿಸಬೇಕೆಂಬ ನಿಯಮವಿತ್ತು. ಕೆಲವು ಬೆಳೆಗಾರರು ಹಣ್ಣು ಗಿಡದಲ್ಲಿದ್ದಾಗಲೇ ಸಿಂಪಡಿಸಿದ್ದರು. ಅಂಗಡಿಗಳಿಂದ ಹಣ್ಣು ಮಾಯವಾಯಿತು. ನಿಯಮ ಪಾಲಿಸಿದ ಬೆಳೆಗಾರರ ಮಾಲಿಗೂ ಗಿರಾಕಿಗಳಿಲ್ಲದಾಯಿತು. ಈ ಪ್ರಕರಣದ ವಿಚಾರಣೆಗೆ ಕಾರ್ಸನ್ ಖುದ್ದಾಗಿ ಹೋಗಿ ಕುಳಿತು, ಕಂಪನಿಗಳ ಪರ ತಜ್ಞರ ವಾದಗಳನ್ನು ಆಲಿಸಿದರು. ಡಬ್ಬಿಯ ಮೇಲಿನ ಸೂಚನೆಯಷ್ಟೇ ರಕ್ಷಣೆಯಲ್ಲ, ಅದನ್ನು ಓದಿ ಪಾಲಿಸುವವರೂ ಪಾಲಿಸುವಂತೆ ಮಾಡುವವರೂ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿರಲಿಲ್ಲ.

ಮರುವರ್ಷ, 1960ರ ವಸಂತದಲ್ಲಿ, ಕಾರ್ಸನ್ನರಿಗೆ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆ ಕ್ಯಾನ್ಸರಿನದೇ ಎಂದು ಅವರು ನೇರವಾಗಿ ಕೇಳಿದರೂ ವೈದ್ಯರು ನಿಜ ಹೇಳಲಿಲ್ಲ. ರೋಗ ಹರಡಿದೆಯೆಂದು ಅವರಿಗೆ ತಿಳಿದದ್ದು ಡಿಸೆಂಬರಿನಲ್ಲಿ, ಬೇರೆ ವೈದ್ಯರಿಂದ. ರೋಗಿಗೆ, ಅದರಲ್ಲೂ ಹೆಣ್ಣಿಗೆ, ನಿಜ ಹೇಳದಿರುವುದೇ ಅಂದಿನ ಪದ್ಧತಿ. ತನ್ನ ದೇಹಕ್ಕೆ ಸಂಬಂಧಿಸಿದ ಸತ್ಯವನ್ನು ತನ್ನಿಂದಲೇ ಮುಚ್ಚಿಟ್ಟರೆ ಏನಾಗುತ್ತದೆಂಬುದನ್ನು ಅವರು ಪುಸ್ತಕ ಬರೆಯುತ್ತಿದ್ದಾಗಲೇ ಅನುಭವಿಸಿದರು. ಮುಂದೆ ಸೆನೆಟಿನ ಎದುರು ಅವರು ಕೇಳಿದ್ದು ತಿಳಿಯುವ ಹಕ್ಕನ್ನೇ ಎಂಬುದು ಗಮನಾರ್ಹ.

ಕಳೆನಾಶಕಗಳ ಅಧ್ಯಾಯದಲ್ಲಿ ಅವರು ಓದುಗರನ್ನು ಹೊಲಕ್ಕಿಂತ ಹೆಚ್ಚಾಗಿ ಹುಲ್ಲುಗಾವಲು, ರಸ್ತೆಬದಿಗಳಿಗೆ ಕರೆದೊಯ್ಯುತ್ತಾರೆ. ದನಗಳಿಗೆ ಹುಲ್ಲು ಬೆಳೆಸಲೆಂದು ಪಶ್ಚಿಮದ ಸಂಸ್ಥಾನಗಳಲ್ಲಿ ಸೇಜ್ ಎಂಬ ಪೊದೆಯನ್ನು ವಿಷ ಸಿಂಪಡಿಸಿ ಕೊಲ್ಲಲಾಗುತ್ತಿತ್ತು. ಚಳಿಗಾಲದಲ್ಲಿ ಜಿಂಕೆಗೂ ಕಾಡುಕೋಳಿಗೂ ಆ ಪೊದೆಯೇ ಆಧಾರ. ವಯೋಮಿಂಗ್‌ನ ಅರಣ್ಯವೊಂದರಲ್ಲಿ ಸುಮಾರು 10,000 ಎಕರೆಗೆ ಹೀಗೆ ಸಿಂಪಡಿಸಿದಾಗ ಹೊಳೆದಂಡೆಯ ವಿಲ್ಲೊ ಮರಗಳೂ ಸತ್ತವು. ಮರ ನಂಬಿದ್ದ ಬೀವರ್ ಪ್ರಾಣಿಗಳು ಕಣ್ಮರೆಯಾದವು, ಅವು ಕಟ್ಟಿದ್ದ ಒಡ್ಡು ಒಡೆದು ಕೆರೆ ಬರಿದಾಯಿತು. ಒಂದು ಗಿಡ ಬೇಡವೆಂದವರಿಗೆ ಇಡೀ ಕೆರೆಯೇ ಇಲ್ಲವಾಯಿತು. 2,4-ಡಿ ಸಿಂಪಡಿಸಿದ ಕೆಲವು ವಿಷಗಿಡಗಳು ದನಗಳಿಗೆ ರುಚಿಯಾಗಿ, ಮೊದಲು ಮೂಸದಿದ್ದ ಸೊಪ್ಪನ್ನೇ ಮೇಯುವಂತಾಗುತ್ತದೆ ಎಂಬ ಸಂಗತಿಯನ್ನೂ ದಾಖಲಿಸಿದ್ದಾರೆ. ಬೆಳೆಸಾಲದ ಕಾಗದಗಳ ನಡುವೆ ದುಡಿದ ನನ್ನಂಥವರಿಗೆ ಬೀಜ, ಗೊಬ್ಬರ, ಔಷಧಿ ಎಂಬ ಖರ್ಚುಗಳು ಪರಿಚಿತ. ವಿಷಕ್ಕೆ ನಾವು ಔಷಧಿಯೆಂಬ ಹೆಸರಿಟ್ಟುಕೊಂಡದ್ದು ಸೋಜಿಗವೇ ಸರಿ.

ಕಾರ್ಸನ್ ರಾಸಾಯನಿಕಗಳನ್ನೆಲ್ಲ ನಿಷೇಧಿಸಿ ಎಂದವರೆಂಬ ಅಪಪ್ರಚಾರ ಇಂದಿಗೂ ನಿಂತಿಲ್ಲ. ಅದೇ ಅಧ್ಯಾಯ ಓದಿದರೆ ಸಂಶಯ ಕಳೆಯುತ್ತದೆ. ರಸ್ತೆ ಹಾಗೂ ವಿದ್ಯುತ್ ತಂತಿಗಳ ಬದಿಯಲ್ಲಿ ಎಲ್ಲೆಡೆ ವಿಷ ಸುರಿಯುವ ಬದಲು, ಅಡ್ಡಿಯಾಗುವ ಮರದ ಬುಡಕ್ಕೆ ಮಾತ್ರ ಕಳೆನಾಶಕ ಹಚ್ಚುವ ಫ್ರಾಂಕ್ ಎಗ್ಲರ್ ಎಂಬ ಸಸ್ಯತಜ್ಞರ ವಿಧಾನವನ್ನು ಅವರು ಮನಸಾರೆ ಹೊಗಳಿದ್ದಾರೆ. ಉಳಿದ ಪೊದೆಗಳು ದಟ್ಟವಾಗಿ ಬೆಳೆದು ಹೊಸ ಮರಗಳನ್ನು ತಾವೇ ತಡೆಯುತ್ತವೆ; ಪದೇಪದೇ ಸಿಂಪಡಿಸುವ ಖರ್ಚೂ ಉಳಿಯುತ್ತದೆ. ಕಳೆಯನ್ನು ತಿನ್ನುವ ಕೀಟಗಳನ್ನು ಬಿಟ್ಟು ಆಸ್ಟ್ರೇಲಿಯದ ಪಾಪಾಸುಕಳ್ಳಿಯನ್ನೂ ಕ್ಯಾಲಿಫೋರ್ನಿಯಾದ ಕ್ಲಾಮತ್ ಕಳೆಯನ್ನೂ ಹತೋಟಿಗೆ ತಂದ ಬಗೆ ಅವರಿಗೆ ಇನ್ನಷ್ಟು ಪ್ರಿಯ. ನಮ್ಮ ಬೆಂಗಳೂರಿನ ಸುತ್ತ 1984ರಲ್ಲಿ ಪಾರ್ಥೇನಿಯಂ ಕಳೆಯ ಮೇಲೆ ಮೆಕ್ಸಿಕೊದ ಜೀರುಂಡೆಗಳನ್ನು ಬಿಟ್ಟದ್ದು ಇದೇ ದಾರಿಯ ಪ್ರಯೋಗ.

1962ರ ಜೂನ್ ತಿಂಗಳಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲೂ ಸೆಪ್ಟೆಂಬರ್ 27ರಂದು ಪುಸ್ತಕವಾಗಿಯೂ ‘ಸೈಲೆಂಟ್ ಸ್ಪ್ರಿಂಗ್’ ಬೆಳಕು ಕಂಡಿತು. ರಾಸಾಯನಿಕ ಕಂಪನಿಗಳು ಮೇಲೆ ಬಿದ್ದವು. ಮೊಕದ್ದಮೆಯ ಬೆದರಿಕೆಯೂ ಬಂತು. ಮದುವೆಯಾಗದವಳು, ಭಾವುಕಳು ಎಂಬ ಮೂದಲಿಕೆಗಳಂತೂ ಇದ್ದೇ ಇದ್ದವು. ತಾನು ಕ್ಯಾನ್ಸರ್ ರೋಗಿಯೆಂದು ಗೊತ್ತಾದರೆ ಬರೆದದ್ದೆಲ್ಲ ರೋಗಿಯ ಪ್ರಲಾಪವೆಂದು ತಳ್ಳಿಹಾಕುವರೆಂದು ಕಾರ್ಸನ್ ಕಾಯಿಲೆಯನ್ನು ಹೊರಗೆ ಬಿಟ್ಟುಕೊಡಲಿಲ್ಲ. ಕೂದಲುದುರಿದ ತಲೆಗೆ ವಿಗ್ ಧರಿಸಿದರು, ನಡೆಯಲಾಗದಾಗ ಕೀಲುವಾತವೆಂದರು. 1963ರ ಮೇ 15ರಂದು ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ವಾದಕ್ಕೆ ಬಲ ನೀಡಿತು. ಜೂನ್ 4ರಂದು ಅವರು ಸೆನೆಟಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಬೇರೆಯವರು ಸಿಂಪಡಿಸುವ ವಿಷ ತನ್ನ ಮನೆಯೊಳಗೆ ನುಗ್ಗದಂತೆ ನಾಗರಿಕನಿಗೆ ರಕ್ಷಣೆ, ಸಿಂಪಡಿಸುವ ಮುನ್ನ ನೆರೆಹೊರೆಗೆ ಸೂಚನೆ, ಅಪಾಯವನ್ನು ಅರಿತು ಸೂಚನೆ ಪಾಲಿಸಬಲ್ಲವರಿಗಷ್ಟೇ ಮಾರಾಟ, ಬೇರೆ ಉಪಾಯವಿಲ್ಲದಾಗ ಮಾತ್ರ ಹೊಸ ವಿಷಕ್ಕೆ ಅನುಮತಿ: ಅವರು ಕೇಳಿದ್ದು ಇಂಥವನ್ನೇ.

1947ರ ಅಮೆರಿಕದ ಕಾಯಿದೆಯಲ್ಲಿ ವಿಚಿತ್ರ ರಂಧ್ರವೊಂದಿತ್ತು. ಸರಕಾರ ನೋಂದಣಿ ನಿರಾಕರಿಸಿದರೂ ಕಂಪನಿ ಪ್ರತಿಭಟನೆ ದಾಖಲಿಸಿ ಮಾಲನ್ನು ಮಾರಬಹುದಿತ್ತು. ಕೊಳ್ಳುವವನಿಗೆ ಈ ಸಂಗತಿಯೇ ತಿಳಿಯುತ್ತಿರಲಿಲ್ಲ. ಸಾಲದ ಅರ್ಜಿ ತಿರಸ್ಕೃತವಾದರೂ ತಕರಾರು ಬರೆದಿಟ್ಟು ಹಣ ಪಡೆದುಕೊಂಡು ಹೋಗಬಹುದೆಂದರೆ ಹೇಗೋ ಹಾಗೆ. 1964ರ ಮೇ ತಿಂಗಳ ತಿದ್ದುಪಡಿ ಆ ರಂಧ್ರವನ್ನು ಮುಚ್ಚಿತು. ಅದನ್ನು ನೋಡಲು ಕಾರ್ಸನ್ ಇರಲಿಲ್ಲ. ಏಪ್ರಿಲ್ 14ರಂದು, 56ನೆಯ ವಯಸ್ಸಿನಲ್ಲಿ, ಸಿಲ್ವರ್ ಸ್ಪ್ರಿಂಗ್‌ನ ಮನೆಯಲ್ಲಿ ಅವರು ಕಣ್ಮುಚ್ಚಿದ್ದರು. ಚಿತಾಭಸ್ಮದ ಒಂದು ಪಾಲು ತಾಯಿಯ ಸಮಾಧಿಯ ಪಕ್ಕ ಸೇರಿತು. ಇನ್ನೊಂದು ಪಾಲನ್ನು ಮೇಯ್ನ್‌ನ ಕಡಲಂಚಿನಲ್ಲಿ ತೂರಲಾಯಿತು. 1972ರ ಕಾಯಿದೆ, ಹೆಚ್ಚು ಅಪಾಯಕಾರಿ ವಿಷಗಳನ್ನು ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರೇ ಬಳಸಬೇಕೆಂದು ವಿಧಿಸಿತು.

ನಮ್ಮ ದೇಶದ ಕಾಯಿದೆಗೆ ಬೇರೆಯದೇ ದುರಂತ ಕಾರಣ. 1958ರಲ್ಲಿ ಕೇರಳ ಮತ್ತು ಮದ್ರಾಸ್ ರಾಜ್ಯಗಳಲ್ಲಿ ಪ್ಯಾರಾಥಿಯಾನ್ ಬೆರೆತ ಆಹಾರ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹತ್ತು ವರ್ಷಗಳ ಬಳಿಕ 1968ರ ಕೀಟನಾಶಕಗಳ ಕಾಯಿದೆ ಬಂತು. ಹೆಸರಿನಲ್ಲಿ ಕೀಟವಿದ್ದರೂ ಕಳೆನಾಶಕಗಳೂ ಅದರ ವ್ಯಾಪ್ತಿಯೊಳಗಿವೆ. ಡಬ್ಬಿಯ ಮೇಲಿನ ಬಣ್ಣದ ಗುರುತು 1971ರ ನಿಯಮಗಳ ಕೊಡುಗೆ: ಅತಿ ಘೋರ ವಿಷಕ್ಕೆ ಕೆಂಪು, ಅದರ ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಅಕ್ಷರ ಬಾರದವರಿಗೂ ತಿಳಿಯಲೆಂದು ಮಾಡಿದ ಏರ್ಪಾಡು ಅದು. ಗ್ಲೈಫೋಸೇಟ್ ಕಳೆನಾಶಕವನ್ನು ಪರವಾನಗಿ ಪಡೆದ ಕೀಟನಿಯಂತ್ರಣ ನಿರ್ವಾಹಕರ ಮೂಲಕವಷ್ಟೇ ಸಿಂಪಡಿಸಬೇಕೆಂದು 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆದೇಶ ಹೊರಡಿಸಿತು.